ಶುಂಠಿಗೆ ಅಂಜುವ ಗೆಡ್ಡೆ

ಒಂದೇ ಒಂದು ಸಾಲು ಸರಿಪಡಿಸಲು ಮಿಸೌರಿ ಸಿಟಿಯಿಂದ ಫ್ಲೂಗರ್‌ವಿಲ್‌ಗೆ ಮೂರು ಗಂಟೆ ಡ್ರೈವ್ ಮಾಡುವವರು ಯಾರಾದರೂ ಇದ್ದಾರೆಯೇ? ಮಧುಶ್ರೀ ಇದ್ದಳು. ಫೋನಿನಲ್ಲಾದರೆ ಎರಡು ನಿಮಿಷದ ಕೆಲಸ. ಆದರೆ ಅನಿರುದ್ಧ್ ಸೋಮವಾರ ಡಲ್ಲಾಸ್‌ಗೆ ಶಿಫ್ಟ್ ಆಗುವವನಿದ್ದ. ಮನಸ್ಸಿನಲ್ಲಿರುವುದನ್ನು ಹೇಳದೆ ಅವನನ್ನು ಕಳಿಸಬಾರದೆಂದು ಗಟ್ಟಿ ಮನಸ್ಸು ಮಾಡಿಯೇ ಅವಳು ಹೊರಟಿದ್ದಳು.

ಚೀನೀ ವೈದ್ಯಶಾಸ್ತ್ರ ಓದುತ್ತಿದ್ದ ಅವಳು ಹಳೆಯದೊಂದು ಔಷಧಿ ಗ್ರಂಥವನ್ನು ಕನ್ನಡಕ್ಕೆ ತರುತ್ತಿದ್ದಳು. ಅವನು ಅದನ್ನು ಟೈಪ್ ಮಾಡಿ ವೆಬ್‌ಸೈಟಿಗೆ ಹಾಕುತ್ತಿದ್ದ. ಒಂದು ವರ್ಷದಿಂದ ಇಬ್ಬರ ನಡುವೆ ಬೇರು, ತೊಗಟೆಗಳದ್ದೇ ಮಾತು.

ಪ್ಯಾಕಿಂಗ್ ಟೇಪ್ ಹಿಡಿದುಕೊಂಡೇ ಅವನು ಬಾಗಿಲು ತೆರೆದ. ಅವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಬಾನ್‌ಶಿಯಾ ಗಡ್ಡಿ ಶುಂಠಿಗೆ ಅಂಜತದ ಅಂತ ಬರದಿದ್ದೆ. ನೀವು ‘ಶುಂಠಿಯೊಡನೆ ಸೇರಿಸಬಾರದು’ ಅಂತ ಮಾಡೀರಿ. ಯಾಕ್ರಿ?”

“ಗೆಡ್ಡೆ ಎಲ್ಲಾದ್ರೂ ಹೆದರುತ್ತಾ? ಅವೆರಡಕ್ಕೂ ಆಗಿಬರಲ್ಲ ಅಂದ್ಕೊಂಡೆ.”

“ಸುವರ್ಣಗಡ್ಡಿ ತಿಂದ್ರ ಗಂಟಲಾ ತುರಸ್ತದಲ್ಲ? ಇದರದೂ ಅದೇ ಕಥಿ. ಶುಂಠಿ ಜೋಡಿ ಕುದಿಸಿದ್ರ ವಿಷ ಇಳೀತದ. ಆ ಗ್ರಂಥದಾಗ ಅಂಜಿಕಿ ಅಂದ್ರ ಅದು. ಅವೆರಡನ್ನೂ ಕೂಡಿಸಬೇಕ್ರಿ, ಅಗಲಸಬಾರದು.”

ಕೊನೆಯ ಮಾತು ತನ್ನ ಕಿವಿಗೇ ಬಿದ್ದು ಅವಳ ಕೆನ್ನೆ ಬಿಸಿಯಾಯಿತು. ಅವನು ಪೆಟ್ಟಿಗೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಸಾಲನ್ನು ಸರಿಮಾಡಿದ. ಆಮೇಲೆ ತಲೆಯೆತ್ತದೆ ಕಣ್ಣಷ್ಟನ್ನೇ ಮೇಲೆತ್ತಿದ.

“ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ರಾ?”

“ಇಲ್ಲ.” ಅವಳು ನೇರವಾಗಿ ಅವನನ್ನೇ ನೋಡಿದಳು. “ನನಗ ನೀವು ಬೇಕ್ರಿ. ಡಲ್ಲಾಸ್‌ಗೆ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದನ್ನ ಕೇಳಿ ಹೋಗ್ರಿ.”

ಅವನ ಮೊಣಕೈ ತಾಗಿ ಪೆಟ್ಟಿಗೆಯ ಮೇಲಿದ್ದ ಟೇಪು ಉರುಳುತ್ತಾ ಸೋಫಾದ ಕೆಳಗೆ ಸೇರಿತು. ಅದನ್ನು ತೆಗೆಯುವವರಿರಲಿಲ್ಲ.

“ಒಂದು ವರ್ಷ ಕೂತ್ಕೊಂಡು ಟೈಪ್ ಮಾಡಿದ್ದು ಬೇರುಗಳ ಮೇಲಿನ ಪ್ರೀತಿಗಲ್ಲ, ಮಧುಶ್ರೀ. ಎಷ್ಟೋ ಸಲ ಹೇಳ್ಬೇಕು ಅಂದ್ಕೊಂಡೆ. ಆದ್ರೆ ನೀವು ಮಾತುಮಾತಿಗೂ ‘ರೀ’ ಅಂತೀರಲ್ಲ, ನನ್ನನ್ನ ದೂರಾನೇ ಇಟ್ಟಿದೀರಾ ಅಂತ ಸುಮ್ಮನಾದೆ.”

ಅಯ್ಯೋ, ಮೈಸೂರಿನ ಪೆದ್ದು! ಅವಳಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಅವನೆದುರೇ ನಿಂತಳು.

“ಅದನ್ನ ಬಿಡೂದಿಲ್ಲ. ನಮ್ಮವ್ವ ಮೂವತ್ತೈದು ವರ್ಷದಿಂದ ನಮ್ಮಪ್ಪನ್ನ ಹಂಗ ಕರೀತಾಳ್ರಿ.”