ಹತ್ತು ಐವತ್ತಮೂರರ ಆಜ್ಞೆ

ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಕೆಯ ಗಂಡ ಉಪಗ್ರಹ ಸಂಪರ್ಕ ಕಂಪನಿಯ ಮೆಕ್ಯಾನಿಕ್. ಆ ದಿನ ಬೆಳಿಗ್ಗೆ ಗುಡ್ಡದ ಮೇಲಿನ ದೊಡ್ಡ ಡಿಶ್ಶಿನ ಗೇರಿಗೆ ಗ್ರೀಸ್ ಹಚ್ಚುತ್ತಿದ್ದಾಗ ಡಿಶ್ ತಿರುಗಿ, ಕಬ್ಬಿಣದ ಚೌಕಟ್ಟಿನ ನಡುವೆ ಜಜ್ಜಿಹೋಗಿ ಸತ್ತಿದ್ದ.

"ಕೀಲಿ ತಿರುಗಿಸೋದು ಮರೆತರು, ಅವರದೇ ತಪ್ಪು ಅಂತಾರೆ ಕಂಪನಿಯೋರು. ಇಪ್ಪತ್ತು ವರ್ಷ ಮರೀದೋರು ಇವತ್ತು ಮರೀತಾರಾ ಸಾರ್?"

"ಕಂಟ್ರೋಲ್ ರೂಮಲ್ಲಿ ಯಾರಿದ್ರು?"

"ನಮ್ಮಣ್ಣ. ಅವನಿದಾನೆ ಅಂತಲೇ ಇವರು ಧೈರ್ಯವಾಗಿ ಹತ್ತುತಿದ್ರು."

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು. ಮೊಣಕಾಲು ನೋವಿನವರು, ಗುಡ್ಡವನ್ನು ಮನಸಾರೆ ಶಪಿಸುತ್ತಲೇ ಹತ್ತಿ, ನಾಲ್ಕಕ್ಕೆ ಪಂಚನಾಮೆ ಮುಗಿಸಿದರು. ಡಿಶ್ಶಿನ ಬುಡದ ಪೆಟ್ಟಿಗೆಯಲ್ಲೊಂದು ಕೀಲಿ. 'ಲೋಕಲ್' ಕಡೆ ತಿರುಗಿಸಿದರೆ ದೂರದ ಆಜ್ಞೆ ನಡೆಯದು. ಅದು 'ರಿಮೋಟ್' ಕಡೆಗಿತ್ತು. ಆದರೆ ಅದರ ಮೇಲೆ ಗ್ರೀಸಿನ ಬೆರಳಚ್ಚಿತ್ತು. ಅಂದರೆ ಕೆಲಸ ಶುರುವಾದ ಮೇಲೆ ಆತ ಕೆಳಗಿಳಿದು ಕೀಲಿ ಮುಟ್ಟಿದ್ದಾನೆ.

ಕಂಟ್ರೋಲ್ ರೂಮಿನ ಅಣ್ಣನಿಗೆ ಒಂದು ಕಾಲು ಕೃತಕದ್ದು. ಅತ್ತು ಕೆಂಪಾದ ಕಣ್ಣು, ಆದರೆ ಉತ್ತರಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ.

"ಪರದೆ ಮೇಲೆ ಬರೆದಿದೆಯಲ್ಲ, ಈ ಎಸ್‌ಎನ್‌ಎಂಪಿ ಅಂದ್ರೇನು? ನನ್ನ ತಲೆಗೆ ಹೋಗೋ ಹಾಗೆ ಹೇಳಿ."

"ದೂರದ ಯಂತ್ರಕ್ಕೆ ಏನಾದ್ರೂ ಆದ್ರೆ ಅದು ತಾನೇ ಸುದ್ದಿ ಕಳಿಸತ್ತೆ. ಇಲ್ಲಿಂದ ಹೇಳಿದ್ದನ್ನ ಮಾಡತ್ತೆ."

"ಇವತ್ತೇನು ಸುದ್ದಿ?"

"ಏನೂ ಇಲ್ಲ. ಭಾವ ಹತ್ತಿದ್ದೇ ಗೊತ್ತಾಗ್ಲಿಲ್ಲ. ವಾರದ ಪರೀಕ್ಷೆ ಅಂತ ಡಿಶ್ ತಿರುಗಿಸಿದೆ."

ಪರದೆಯಲ್ಲಿ ಬೆಳಗಿನ ಒಂದು ಸಾಲೂ ಇರಲಿಲ್ಲ. ಇಡೀ ದಿನ ವಟವಟ ಎನ್ನುವ ಯಂತ್ರ ಒಂದು ಹೊತ್ತು ಮೌನವ್ರತ ಹಿಡಿಯುತ್ತದೆಯೇ ಎಂದು ಇನ್‌ಸ್ಪೆಕ್ಟರ್ ಗೊಣಗಿದರು.

ದಾರಿ ತೋರಿಸಿದವಳು ಆತನ ತಂಗಿ, ದೂರು ಕೊಟ್ಟ ಹೆಂಗಸೇ. ಬುಧವಾರ ಬೆಳಿಗ್ಗೆ ಹೇಳಿದಳು: "ಸ್ಟೋರ್ ರೂಮಲ್ಲಿ ಹಳೇ ಕಂಪ್ಯೂಟರ್ ಇದೆ ಸಾರ್. ಹೊಸಬರಿಗೆ ಇವರು ಅದರಲ್ಲೇ ಪಾಠ ಮಾಡ್ತಿದ್ರು. ಡಿಶ್ಶಿನ ಸುದ್ದಿ ಅದಕ್ಕೂ ಬರೋ ಹಾಗೆ ಮಾಡಿದ್ರು. ಯಾರಾದ್ರೂ ಆಫ್ ಮಾಡಿದ್ರೆ ಮೈಮೇಲೆ ಹೋಗ್ತಿದ್ರು."

ಖಾಲಿ ಡಬ್ಬಗಳ ಹಿಂದೆ ಅದು ಇನ್ನೂ ಚಾಲೂ ಇತ್ತು. ಹೆಡ್ ಕಾನ್‌ಸ್ಟೇಬಲ್ ಧೂಳೊರೆಸಿ ಓದಿದಳು. 10.42, ಕೀಲಿ ಲೋಕಲ್. 10.51, ಕೀಲಿ ರಿಮೋಟ್. 10.53, ಕಂಟ್ರೋಲ್ ರೂಮಿನ ಆಜ್ಞೆ: ತಿರುಗು.

ಹನ್ನೆರಡೂವರೆಗೆ ಅಣ್ಣನ ಬಂಧನವಾಯಿತು. ಆತ ಅಲ್ಲಗಳೆಯಲಿಲ್ಲ.

"ಇಂಟರ್‌ಕಾಮಲ್ಲಿ ನಾನೇ ಕರೆದೆ. ರೀಡಿಂಗ್ ಕಾಣ್ತಿಲ್ಲ ಭಾವ, ಕೀಲಿ ರಿಮೋಟಿಗೆ ಹಾಕಿ ಹತ್ತಿ, ನಾನಿದೀನಲ್ಲ ಅಂದೆ. ಇಳಿದು ಹಾಕಿ, ಮತ್ತೆ ಹತ್ತಿದ. ಆಮೇಲೆ ಪರದೆ ಮೇಲಿನ ಸಾಲೆಲ್ಲ ಅಳಿಸಿದೆ."

"ಯಾಕೆ?"

ಆತ ಕೃತಕ ಕಾಲು ತಟ್ಟಿದ. "ಹದಿನಾಲ್ಕು ವರ್ಷದ ಹಿಂದೆ ನಾನು ಮೇಲಿದ್ದಾಗ ಅವನು ತಮಾಷೆಗೆ ಡಿಶ್ ಅಲ್ಲಾಡಿಸಿದ. ಬಿದ್ದೆ, ಕಾಲು ಹೋಯ್ತು. ಅದನ್ನೂ ಕ್ಷಮಿಸಿದ್ದೆ ಸಾರ್. ಆಮೇಲೆ ಊಟಕ್ಕೆ ಕೂತಾಗೆಲ್ಲ ಅದೇ ಕತೆ, ಅದೇ ನಗು. ನನ್ನ ಹೆಸರೇ ಬೀಳಪ್ಪ ಆಯ್ತು. ಮೊನ್ನೆ ನನ್ನ ಮಗಳೂ ಹಾಗೇ ಕರೆದಳು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇನ್‌ಸ್ಪೆಕ್ಟರಿಗೆ ಆತನ ಮೇಲೆ ಕನಿಕರವೂ ಬಂತು, ಹೇಸಿಗೆಯೂ ಬಂತು.

ಹೊರಗೆ ಬೆಂಚಿನ ಮೇಲೆ ತಂಗಿ ಹೇಳಿಕೆಗೆ ಸಹಿ ಹಾಕಲು ಕಾದಿದ್ದಳು. ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ ಹಿಡಿದಿದ್ದ ಪೆನ್ನನ್ನು ಬೆಂಚಿನ ಮೇಲಿಟ್ಟಳು.

"ಬೀಳಪ್ಪ ಅಂತ ಮೊದಲು ಕರೆದದ್ದು ಇವರಲ್ಲ ಸಾರ್," ಅಂದಳು. "ನಾನು. ಆಸ್ಪತ್ರೇಲಿ, ಅಣ್ಣನ್ನ ನಗಿಸೋಕೆ."

ಇನ್‌ಸ್ಪೆಕ್ಟರ್ ಆ ಮಾತನ್ನು ಹೇಳಿಕೆಯಲ್ಲಿ ಬರೆಸಲಿಲ್ಲ.