ಗಾರ್ಡ್ ಡಬ್ಬಿಯ ಕೀಲಿ

"ಆ ಕೀಲಿ ಒಂದ್ ಮುಟ್ಟಬ್ಯಾಡ್ರಿ," ಎಂದರು ಆದಿನಾಥ ಮಾಸ್ತರು. "ಉಳದದ್ದು ಏನ್ ಬೇಕಾದ್ದ್ ಬಿಚ್ರಿ, ಏನ್ ಬೇಕಾದ್ದ್ ಒಯ್ರಿ."

ಧನ್ಯಕುಮಾರ ನಕ್ಕ. ಮಂದಿಯ ಹೆದರಿಕೆ ಕಂಡರೆ ಅವನಿಗೆ ಮೊದಲು ಬರುತ್ತಿದ್ದುದು ನಗುವೇ. ನಿಪ್ಪಾಣಿಯಲ್ಲಿ ಹುಟ್ಟಿ, ಹತ್ತು ವರ್ಷ ಗಿರಣಿಗಳ ಭಾರೀ ಯಂತ್ರಗಳನ್ನು ಊರಿಂದ ಊರಿಗೆ ಸಾಗಿಸಿ, ಹುಕ್ಕೇರಿಗೆ ಬಂದು ನೆಲೆಸಿ ಇನ್ನೂ ವರ್ಷ ತುಂಬದ ಎಂಜಿನಿಯರ್ ಅವನು. ಮೂವತ್ತು ಟನ್ನಿನ ಬಾಯ್ಲರನ್ನು ಹೊಳೆ ದಾಟಿಸಿದವನನ್ನು ಅಂಗೈ ಅಗಲದ ಹಿತ್ತಾಳೆ ಬೀಗ ಹೆದರಿಸುತ್ತದೆಯೇ? ಹೆದರಿಸಿದ್ದರೆ ಚೆನ್ನಾಗಿರುತ್ತಿತ್ತು.

ಅದು ೧೯೯೯ರ ದೀಪಾವಳಿಯ ಹಿಂದಿನ ವಾರ. ಕೊಣ್ಣೂರಿನ ಹೊರಗೆ, ಕಬ್ಬಿನ ಹೊಲಗಳ ನಡುವೆ ಒಂದು ಹಳೆಯ ತಗಡಿನ ಶೆಡ್ಡು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಾಗ ಗುಜರಿಗೆ ಹೋಗಬೇಕಿದ್ದ ಒಂದು ಉಗಿ ಎಂಜಿನ್ನು, ಕಟ್ಟಿಗೆಯ ಎರಡು ಡಬ್ಬಿ, ಒಂದು ಗಾರ್ಡ್ ಡಬ್ಬಿ, ಸಿಗ್ನಲ್ ಕಂಬ, ಕಂದೀಲು, ಗಂಟೆಗಳನ್ನೆಲ್ಲ ಹಳೆಯ ಸ್ಟೇಷನ್ ಮಾಸ್ತರು ಆದಿನಾಥರೂ ನಿವೃತ್ತ ರೈಲ್ವೆಯವರು ನಾಲ್ಕೈದು ಮಂದಿಯೂ ಸೇರಿ ಅಲ್ಲಿ ಜೋಪಾನ ಮಾಡಿದ್ದರು. ಪಗಾರವಿಲ್ಲ, ಟಿಕೆಟ್ಟಿಲ್ಲ. ಪ್ರತಿ ರವಿವಾರ ಬಂದು ಗಾಲಿಗೆ ಎಣ್ಣೆ ಹಾಕುವರು, ಬಣ್ಣ ಬಳಿಯುವರು, ನೋಡಲು ಬಂದ ಮಕ್ಕಳಿಗೆ ಸೀಟಿ ಊದಿ ತೋರಿಸುವರು. ಈಗ ಮಾಲೀಕನಿಗೆ ಜಾಗ ಬೇಕಾಗಿತ್ತು. ಹುಕ್ಕೇರಿಯಲ್ಲಿ ಯಾರೋ ಪುಣ್ಯಾತ್ಮರು ಬೇರೆ ಜಾಗ ಕೊಟ್ಟಿದ್ದರು. ಎಲ್ಲವನ್ನೂ ಅಲ್ಲಿಗೆ ಮುಟ್ಟಿಸುವ ಕೆಲಸ ಧನ್ಯಕುಮಾರನದು. ಎಂಜಿನ್ನು ಹೋಗಿತ್ತು, ಡಬ್ಬಿಗಳು ಹೋಗಿದ್ದವು. ಉಳಿದದ್ದು ಗಾರ್ಡ್ ಡಬ್ಬಿ ಒಂದೇ. ರೈಲಿನ ಕೊನೆಯಲ್ಲಿ ಗಾರ್ಡ್ ಕೂರುವ, ಒಳಗೆ ಕೈಬ್ರೇಕಿನ ಚಕ್ರವಿರುವ ಪುಟ್ಟ ಡಬ್ಬಿ ಅದು.

ಅದರ ಬಾಗಿಲಿಗೆ ಕೀಲಿ ಜೋತಾಡುತ್ತಿತ್ತು. ಕೀಲಿಯ ಸುತ್ತ ಬಾಗಿಲಿನ ಹಲಗೆಗೆ ಏಳು ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಕೂದಲು ಸುತ್ತಿದ್ದರು. ಒಣಗಿ ಕಪ್ಪಾದ ಲಿಂಬೆಹಣ್ಣು, ಅದರ ಮೇಲೆ ಹೆಪ್ಪುಗಟ್ಟಿದ ಕುಂಕುಮ. ಬಗ್ಗಿ ನೋಡಿದರೆ ಬೇವಿನೆಣ್ಣೆಯ ಕಮಟು ಮೂಗಿಗೆ ಬಡಿಯುತ್ತಿತ್ತು.

"ಬ್ರೇಕ್ ಒಳಗ ಐತಿ. ಅದನ್ನ ಬಿಡಲಾರದ ಗಾಲಿ ಹೆಂಗ್ ತಿರಗತಾವ್ರಿ?" ಎಂದ ಧನ್ಯಕುಮಾರ.

"ಗಾಲಿ ತಿರಗೋದು ಬ್ಯಾಡ. ಹುಕ್ಕೇರಿಗೆ ಹೋದ ಕ್ರೇನ್ ನಾಡದು ಬರತೈತಿ. ಎತ್ತಿ ಟ್ರೇಲರ್ ಮ್ಯಾಲ ಇಡ್ರಿ."

"ಇಷ್ಟ್ ಸಣ್ಣ ಡಬ್ಬಿಗೆ ಎರಡ್ ದಿನಾ ಕಾಯೋದೇನ್ರಿ? ಹಗ್ಗ ಸುತ್ತಿ ಎಳಿಯೋ ವಿಂಚ್ ಹಚ್ಚಿದ್ರ ಒಂದ್ ತಾಸಿನ ಕೆಲಸ. ಒಳಗ ಯಾರ್ ಅದಾರ ಹೇಳ್ರಿ, ಮಾತಾಡಸ್ತೇನಿ."

ಮಾಸ್ತರು ಬಾಗಿಲಿಗೆ ಬೆನ್ನು ಮಾಡಿ ನಿಂತರು. "ಒಳಗ ಯಾರೂ ಇಲ್ಲ. ಒಂದ್ ಮಾತ್ ಐತಿ," ಎಂದರು.

ಅವರು ತಡವರಿಸಿ ಹೇಳಿದ ಕತೆ ಇಷ್ಟು. ಇಪ್ಪತ್ತಮೂರು ವರ್ಷದ ಹಿಂದೆ ಇದೇ ಡಬ್ಬಿಯ ಗಾರ್ಡ್ ಭೀಮರಾಯ ನಿಂತ ರೈಲಿಗೆ ಕೈಬ್ರೇಕ್ ಹಾಕುವುದನ್ನು ಮರೆತ. ಡಬ್ಬಿ ಹಿಂದಕ್ಕೆ ಜಾರಿತು. ಕೊಂಡಿ ಹಾಕುತ್ತಿದ್ದ ಪೋರ್ಟರ್ ದುರ್ಗಪ್ಪ ನಡುವೆ ಸಿಕ್ಕು ಸತ್ತ. ವಿಚಾರಣೆಯಲ್ಲಿ ಭೀಮರಾಯ ಒಂದೇ ಮಾತು ಹೇಳಿ ಪಾರಾದ: ಅವ ಕುಡದಿದ್ದ. ದುರ್ಗಪ್ಪ ಕೊರಳಲ್ಲಿ ತುಳಸಿಮಾಲೆ ಹಾಕಿದ್ದವನು, ವರ್ಷವರ್ಷ ಪಂಢರಪುರಕ್ಕೆ ನಡೆದು ಹೋಗುತ್ತಿದ್ದವನು. ಒಂದು ಮಾತಿಗೆ ಅವನು ಕುಡುಕನಾಗಿ ಹೋದ, ಅವನ ಹೆಂಡತಿ ಕರೆವ್ವ ಕುಡುಕನ ಹೆಂಡತಿಯಾದಳು. ಅವಳು ಕೌಜಲಗಿಯ ಆಚೆಗಿನ ಒಬ್ಬ ಮಂತ್ರವಾದಿಯ ಕಡೆ ಹೋಗಿ ಬಂದಳು. ಅಮಾವಾಸ್ಯೆ ಕಳೆಯುವುದರೊಳಗೆ ಭೀಮರಾಯನ ಬಾಯಿ ಕಟ್ಟಿತು. ಮೂಕನಾಗಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ನೀರು ಕೇಳಲು ಬಾಯಿ ತೆರೆದರೆ "ಅವ ಕುಡದಿದ್ದ." ಮಗಳನ್ನು ಕರೆಯಲು ಹೋದರೆ "ಅವ ಕುಡದಿದ್ದ." ಹೀಗೆ ಒಂಬತ್ತು ವರ್ಷ. ಸತ್ತ ದಿನ ಹೆಣದ ಬಾಯಿ ಮುಚ್ಚಲು ಹೋದ ಅವನ ತಮ್ಮ ಅದೇ ಮಾತನ್ನು ಒದರತೊಡಗಿದ. ಆಗ ಅದೇ ಮಂತ್ರವಾದಿಯನ್ನು ಕರೆಸಿ, ತಮ್ಮನ ಬಾಯಿಂದ ಮಾತನ್ನು ತೆಗೆಸಿ ಈ ಡಬ್ಬಿಯಲ್ಲಿ ಕೂಡಿಹಾಕಿ ಕೀಲಿ ಜಡಿಸಿದರು.

"ಇಷ್ಟೆಲ್ಲಾ ನಿಮಗ್ ಹೆಂಗ್ ಗೊತ್ರಿ?"

"ಭೀಮರಾಯನ ಹೇಳಿಕಿ ಕೆಳಗ ಸಾಕ್ಷಿ ಸಹಿ ನಂದು," ಎಂದ ಮಾಸ್ತರು ತಲೆ ಮೇಲೆತ್ತಲಿಲ್ಲ. "ಬ್ರೇಕ್ ಹಾಕಿರಲಿಲ್ಲ ಅನ್ನೋದು ನಾ ಕಣ್ಣಾರೆ ನೋಡಿದ್ದೆ."

ಹಳೆಯ ಕಬ್ಬಿಣದ ಮೇಲಿನ ಪ್ರೀತಿಯಿಂದ ಈ ಮುದುಕ ಬಿಸಿಲಲ್ಲಿ ನಿಂತು ಗಾಲಿ ಒರೆಸುತ್ತಾನೆ ಎಂದು ಊರೆಲ್ಲ ಹೊಗಳುತ್ತಿತ್ತು. ಪ್ರೀತಿಯಲ್ಲ ಅದು, ನಾಚಿಕೆ. ಧನ್ಯಕುಮಾರನಿಗೆ ಅದೂ ತಮಾಷೆಯಾಗಿಯೇ ಕಂಡಿತು. "ನಾಳೆ ಮಧ್ಯಾಹ್ನ ಒಡೀತೇನಿ, ಹನ್ನೆರಡಕ್ಕ. ಮಾಟಕ್ಕೂ ಊಟದ ಸುಟ್ಟಿ ಇರತೈತಿ," ಎಂದು ಕೂಲಿಯಾಳುಗಳನ್ನು ನಗಿಸಿದ.

ಆಳುಗಳಲ್ಲಿ ಲಖನ ಮಾತ್ರ ನಗಲಿಲ್ಲ. ಮೂವತ್ತೈದರ ಆ ಗಟ್ಟಿಗ ದುರ್ಗಪ್ಪ–ಕರೆವ್ವರ ಒಬ್ಬನೇ ಮಗ. ತಂದೆಯ ಹಾಗೆ ಅವನೂ ಮಾಲೆ ಹಾಕಿದ್ದ. ಕುಡುಕನ ಮಗ ಎನ್ನಿಸಿಕೊಂಡು ಬೆಳೆದವನು, ಆ ಹೆಸರು ತೊಳೆಯಲೆಂದೇ ಹಬ್ಬದ ದಿನವೂ ಹೆಂಡದಂಗಡಿಯ ಓಣಿಯಲ್ಲಿ ಹಾಯುತ್ತಿರಲಿಲ್ಲ.

ಮರುದಿನ ಶೆಡ್ಡಿನ ಗೇಟಿಗೆ ಕರೆವ್ವನೇ ಬಂದಳು.

"ಸಾಹೇಬ್ರ, ನನ್ನ ಮಗಾ ನಿಮ್ಮ ಕೈಯಾಗ ಅದಾನ. ಆ ಕೀಲಿ ಒಡೀಬ್ಯಾಡ್ರಿ."

"ನೀನ ಕಟ್ಟಿಸಿದ್ದೆಂತಲ್ಲ, ನೀನ ಹೆದರತಿ ಏನವಾ?"

"ಕಟ್ಟಿಸಿದಾಕಿಗೇ ಗೊತ್ರಿ, ಅದರ ಹಲ್ಲ ಎಷ್ಟ್ ಉದ್ದ ಅವ ಅಂತ."

ಅವಳನ್ನು ಗೇಟಿನ ಹೊರಗೆ ನಿಲ್ಲಿಸಿ ಅವನು ಒಳಗೆ ನಡೆದ. ಮಾಸ್ತರು ಬೆನ್ನು ತಿರುಗಿಸಿ ಕಬ್ಬಿನ ಹೊಲದ ಕಡೆ ಹೊರಟುಹೋದರು. ತಡೆಯಬಹುದಿತ್ತು. ತಡೆಯಲಿಲ್ಲ. ನೋಡದಿದ್ದರೆ ಸಾಕ್ಷಿಯಾಗಬೇಕಿಲ್ಲ ಎಂಬ ಲೆಕ್ಕ ಅವರಿಗೆ ಹಳೆಯದು.

ಗರಗಸದ ಅಲಗು ಕೀಲಿಯ ಕೊಂಡಿಯನ್ನು ಕೊಯ್ದಾಗ ಸುಟ್ಟ ಕೂದಲಿನ ವಾಸನೆ ಎದ್ದಿತು. ಸುತ್ತ ಎಲ್ಲೂ ಬೆಂಕಿ ಇರಲಿಲ್ಲ. ಧನ್ಯಕುಮಾರ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಕಣ್ಣೆದುರಿನ ಕೈ ಕಾಣದ ಕತ್ತಲೆ. ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದರು. ಬೇವಿನೆಣ್ಣೆ, ಇಲಿಯ ಹಿಕ್ಕೆ, ಎಂದೋ ಒಣಗಿದ ಬೆವರು. ಅವನು ತಡಕುತ್ತ ಮುಂದೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗಾಳಿಗೆ ಎಂದುಕೊಂಡ. ಗಾಳಿ ಬೀಸುತ್ತಿರಲಿಲ್ಲ.

ಕೈಗೆ ಬ್ರೇಕಿನ ಚಕ್ರ ಸಿಕ್ಕಿತು. ಕಬ್ಬಿಣ ಒದ್ದೆಯಾಗಿತ್ತು. ಬೆಚ್ಚಗಿತ್ತು. ಈಗಷ್ಟೇ ಯಾರೋ ಹಿಡಿದು ಬಿಟ್ಟಂತೆ. ಅವನು ತಿರುಗಿಸಿದ. ಕಿರ್ ಎಂದಿತು. ಇನ್ನೊಂದು ಸುತ್ತು. ಆ ಸದ್ದಿನ ಕೆಳಗೆ ಬೇರೊಂದು ಸದ್ದು ಕೇಳಿತು. ಒಣಗಿದ ತುಟಿ ಬಿಡಿಸಿಕೊಳ್ಳುವ ಸದ್ದು. ಹತ್ತಿರ. ಇನ್ನೂ ಹತ್ತಿರ. ಕಿವಿಯ ಹತ್ತಿರವಲ್ಲ, ಬಾಯಿಯ ಹತ್ತಿರ. ಯಾರದೋ ಉಸಿರು ಅವನ ತುಟಿಗೆ ತಾಗಿತು. ಅವನು ಬೆಚ್ಚಿ ಬಾಯಿ ತೆರೆದ. ಅಷ್ಟೇ ಬೇಕಾಗಿತ್ತು.

ಹೊರಗೆ ಬಂದು ಉಗುಳಿದ. ನಾಲಿಗೆಯ ಮೇಲೆ ತುಕ್ಕಿನ ರುಚಿ. ನೀರು ಮುಕ್ಕಳಿಸಿದ, ಹೋಗಲಿಲ್ಲ. ಆಳುಗಳ ಎದುರು ಹೆದರಿದವನಂತೆ ಕಾಣಬಾರದೆಂದು ಕೂಡಲೇ ಕೈ ಎತ್ತಿ ವಿಂಚ್ ಶುರು ಮಾಡಲು ಸನ್ನೆ ಮಾಡಿದ. ವಿಂಚಿನ ಗದ್ದಲದಲ್ಲಿ ದೂರಕ್ಕೆ ಮಾತು ಕೇಳುವುದಿಲ್ಲ, ಈ ಕೆಲಸದಲ್ಲಿ ಎಲ್ಲವೂ ಕೈಸನ್ನೆ. ಹಾಗಾಗಿ ಅವನು ಮಾತಾಡಲಿಲ್ಲವೆಂದು ಯಾರಿಗೂ ಅನ್ನಿಸಲಿಲ್ಲ.

ಉಕ್ಕಿನ ಹಗ್ಗ ಬಿಗಿಯಾಯಿತು. ಡಬ್ಬಿ ಇಳಿಜಾರು ಹಳಿಯ ಮೇಲೆ ಟ್ರೇಲರಿನ ಕಡೆ ಏರತೊಡಗಿತು. ವಿಂಚಿನವನು ಟ್ರೇಲರಿನ ಆಚೆ ಕೂತಿದ್ದ. ಉಳಿದವರು ಅವನ ಜೊತೆ ಹಗ್ಗ ಕಾಯುತ್ತಿದ್ದರು. ಡಬ್ಬಿಯ ಹಿಂದೆ ಲಖನ ಒಬ್ಬನೇ. ಗಾಲಿ ಮೊಳದಷ್ಟು ಮುಂದೆ ಹೋದಾಗಲೆಲ್ಲ ಅದರ ಹಿಂದೆ ಕಟ್ಟಿಗೆಯ ದಿಮ್ಮಿ ಇಡುವುದು ಅವನ ಕೆಲಸ. ಹಗ್ಗ ಹರಿದರೂ ಡಬ್ಬಿ ಹಿಂದೆ ಜಾರಬಾರದಲ್ಲ. ಆದರೆ ದಿಮ್ಮಿ ಇಡಲು ಪ್ರತಿ ಸಲ ವಿಂಚ್ ನಿಲ್ಲಿಸಬೇಕು. ಧನ್ಯಕುಮಾರನಿಗೆ ಆ ಡಬ್ಬಿ ಬೇಗ ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು. ದಿಮ್ಮಿ ತೆಗೆ ಎಂದು ಕೈಬೀಸಿದ.

"ತಗೀಲೇನ್ರಿ?" ಲಖನ ಕೂಗಿ ಕೇಳಿದ. "ಹಗ್ಗ ಹಳೇದೈತ್ರಿ."

ಧನ್ಯಕುಮಾರ ಸಿಟ್ಟಿನಿಂದ ಮತ್ತೊಮ್ಮೆ ಕೈಬೀಸಿದ. ಲಖನ ದಿಮ್ಮಿಯನ್ನು ಎತ್ತಿ ಬದಿಗೆಸೆದು, ಡಬ್ಬಿಗೆ ಹೆಗಲು ಕೊಟ್ಟು ನೂಕುತ್ತ ಹಿಂದೆಯೇ ನಡೆದ.

ಡಬ್ಬಿ ಅರ್ಧ ಏರಿತ್ತು. ಹಗ್ಗದ ಒಂದು ಎಳೆ ಹರಿಯಿತು. ಧನ್ಯಕುಮಾರ ನೋಡಿದ. ಇನ್ನೊಂದು ಎಳೆ. ಸಮಯವಿತ್ತು. ಲಖನನಿಂದ ಅವನು ಹತ್ತು ಹೆಜ್ಜೆ ದೂರದಲ್ಲಿದ್ದ. ಒಂದು ಕೂಗು ಸಾಕು. ಲಖನ, ಓಡು. ಎರಡೇ ಪದ. ಎದೆಯ ತುಂಬ ಗಾಳಿ ಎಳೆದುಕೊಂಡು ಕೂಗಿದ. ಕೂಗು ಬರಲಿಲ್ಲ. ಬಾಯಿ ತನ್ನದಲ್ಲ. ನಾಲಿಗೆ ತನ್ನದಲ್ಲ. ಯಾರೋ ಮುದುಕನ ಸವೆದ ದನಿ ಬಂತು.

"ಅವ ಕುಡದಿದ್ದ."

ಲಖನ ಕೇಳಿಸಿಕೊಂಡ. ಚಿಕ್ಕಂದಿನಿಂದ ಅವನ ಮನೆಯನ್ನು ಸುಟ್ಟ ಮಾತು ಅದು. ಓಡಬೇಕಾದವನು ನಿಂತ. ತಿರುಗಿ ನೋಡಿದ. ಮುಖದಲ್ಲಿ ಹೆದರಿಕೆ ಇರಲಿಲ್ಲ, ನೋವಿತ್ತು. ನೀವೂ ಹಂಗ ಅಂತೀರೇನ್ರಿ ಎಂದು ಕೇಳುವ ನೋವು. ಹಗ್ಗ ಹರಿಯಿತು. ಡಬ್ಬಿ ಬಂತು.

ಗೇಟಿನಿಂದ ಕರೆವ್ವ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಮೂರಕ್ಕೆ ಠಾಣೆಯ ಜಮಾದಾರ ಬಂದ. ಕಂಡವರು ಯಾರು ಎಂದು ಕೇಳಿದ. ವಿಂಚಿನವನಿಗೆ ಕಂಡಿರಲಿಲ್ಲ. ಮಾಸ್ತರು ಹೊಲದಿಂದ ಬಂದು, ತಾನು ಇಲ್ಲಿರಲಿಲ್ಲ ಎಂದರು. ಎಲ್ಲರೂ ಧನ್ಯಕುಮಾರನ ಮುಖ ನೋಡಿದರು. ದಿಮ್ಮಿ ತೆಗೆಸಿದ್ದು ನಾನು ಎಂದು ಹೇಳಲು ಅವನು ಖರೆಯಾಗಿಯೂ ಬಾಯಿ ತೆರೆದ. ಇದನ್ನು ಅವನ ಪರವಾಗಿ ಹೇಳಲೇಬೇಕು.

"ಅವ ಕುಡದಿದ್ದ," ಎಂದಿತು ಬಾಯಿ.

ಹೆಣದ ಪಕ್ಕ ಕೂತಿದ್ದ ಕರೆವ್ವ ತಲೆ ಎತ್ತಿದಳು. ಅಳು ಅಲ್ಲಿಗೇ ನಿಂತಿತು.

ಜಮಾದಾರ ಕೇಳಿದ್ದನ್ನು ಬರೆದುಕೊಂಡ. ಕೂಲಿಯಾಳು ಲಖನ ಮದ್ಯ ಕುಡಿದು, ದಿಮ್ಮಿ ಇಡದೆ ಡಬ್ಬಿಯ ಹಿಂದೆ ನಿಂತಿದ್ದನೆಂದು. ಹಾಳೆಯನ್ನು ಮುಂದೆ ಚಾಚಿ, ಓದಿ ಸಹಿ ಮಾಡ್ರಿ ಎಂದ. ಧನ್ಯಕುಮಾರ ಓದಿದ. ಪ್ರತಿ ಸಾಲನ್ನೂ ಓದಿದ. ಪೆನ್ನು ಕೈಯಲ್ಲಿತ್ತು, ಬೆರಳುಗಳು ಅವನ ಮಾತು ಕೇಳುತ್ತಿದ್ದವು. ಇದು ಸುಳ್ಳು ಎಂದು ಅದೇ ಹಾಳೆಯ ಕೆಳಗೆ ಬರೆಯಬಹುದಿತ್ತು. ಅಷ್ಟು ದೊಡ್ಡ ಮಾತೂ ಬೇಕಿರಲಿಲ್ಲ, ಅಡ್ಡ ಗೀಟು ಎಳೆದರೂ ಆಗುತ್ತಿತ್ತು. ಅವನು ದುಂಡಗೆ, ಎಂದಿನಂತೆ, ಕೆಳಗೆರಡು ಚುಕ್ಕೆ ಇಟ್ಟು ಸಹಿ ಮಾಡಿದ. ಆ ಸಹಿ ನೋಡುತ್ತಿದ್ದ ಮಾಸ್ತರು ಮುಖ ಮುಚ್ಚಿಕೊಂಡರು.

ಹದಿನೈದು ದಿನವಾಯಿತು. ಹುಕ್ಕೇರಿಯ ಮನೆಯಲ್ಲಿ ಧನ್ಯಕುಮಾರನ ಹೆಂಡತಿ ರೂಪಾಲಿ ಗಂಡನ ಬಾಯಿಂದ ಒಂದೇ ಮಾತು ಕೇಳುತ್ತ ದಿನ ನೂಕಿದಳು. ಆಘಾತವಾಗಿದೆ, ಸರಿಹೋಗುತ್ತದೆ ಎಂದರು ಡಾಕ್ಟರು. ಒಂದು ದಿನ ಊಟದ ಹೊತ್ತಿಗೆ ಬಸ್ಸಿಳಿದು ಕರೆವ್ವ ಬಂದಳು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹೊರಗೇ ಕೂತು, ಸೆರಗಿನ ಗಂಟಿನಿಂದ ಮಡಿಚಿದ ಹಾಳೆ ತೆಗೆದಳು.

"ಮಾಸ್ತರ ಬರದ್ ಕೊಟ್ಟಾರ. ನನ್ನ ಗಂಡ ಕುಡದಿರಲಿಲ್ಲ, ಬ್ರೇಕ್ ಹಾಕಿರಲಿಲ್ಲ ಅಂತ. ಇಪ್ಪತ್ತಮೂರ್ ವರ್ಷಕ್ಕ ಬರದಾರ." ಅವಳು ಧನ್ಯಕುಮಾರನನ್ನು ನೋಡಿದಳು. "ನೀವೂ ಬರೀರಿ. ದಿಮ್ಮಿ ತಗೀ ಅಂತ ನೀವು ಕೈ ಮಾಡಿದ್ದು ನಾ ಗೇಟಿನಿಂದ ನೋಡೇನಿ. ನನ್ನ ಮಾತ್ ಯಾರೂ ಕೇಳೂದಿಲ್ಲ. ನೀವು ಬರದ್ರ ಕೇಳತಾರ."

ರೂಪಾಲಿ ಗಂಡನ ಕಡೆ ತಿರುಗಿದಳು. ಅವನು ಏನೋ ಹೇಳಲು ಹೋದ.

"ಅವ ಕುಡದಿದ್ದ."

ಕರೆವ್ವ ಹೊಡೆತ ಬಿದ್ದವಳಂತೆ ಕಣ್ಣು ಮುಚ್ಚಿ ತೆರೆದಳು. "ನಾ ಕಟ್ಟಿಸಿದ ಮಾತು ನನ್ನ ಮಗನ ಮ್ಯಾಲ ಬಿತ್ತು. ಆ ಪಾಪ ನಂದು, ನಾ ಉಣ್ಣತೇನಿ. ಆದ್ರ ಖರೆ ಬರದ್ ಸಹಿ ಮಾಡಿದ್ರ ಬಾಯಿ ತಾನ ಬಿಡತೈತ್ರಿ. ಇದನ್ನ ಭೀಮರಾಯಗೂ ಹೇಳಿದ್ದೆ. ಒಂಬತ್ ವರ್ಷ ಹೇಳಿದೆ. ನಾ ಕಟ್ಟಿಸಿದ್ದು ಬಾಯಿ ಅಷ್ಟ. ಅವಗೂ ಕೈ ಇದ್ವು."

ರೂಪಾಲಿ ಒಳಗೆ ಹೋಗಿ ಪೆನ್ನು, ಹಾಳೆ ತಂದಳು. ಅವನ ಮುಂದೆ ಇಟ್ಟು, ಪೆನ್ನಿನ ಟೊಪ್ಪಿಗೆ ತಾನೇ ತೆಗೆದಳು. "ಬರೀರಿ," ಎಂದಳು. "ಏನ್ ಬಂದ್ರೂ ನಾ ಅದೇನಿ."

ಧನ್ಯಕುಮಾರ ಹಾಳೆ ನೋಡಿದ. ಬರೆದರೆ ಠಾಣೆ, ಕೋರ್ಟು, ಜೈಲು. ಬಸದಿಯ ಕಟ್ಟೆಯ ಮೇಲೆ ಕೂತ ಮಂದಿಯ ಪಿಸುಮಾತು. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬ ಕೂಲಿಯವನನ್ನು ಕೊಂದು ಅವನ ಹೆಸರನ್ನೂ ಕೊಂದೆ ಎಂದು ಸ್ವಂತ ಅಕ್ಷರದಲ್ಲಿ ಓದಬೇಕು. ಬೆರಳು ಪೆನ್ನಿನ ಕಡೆ ಹೋಗಲಿಲ್ಲ. ಮಾಟದಿಂದಲ್ಲ. ಅವನು ಮೆಲ್ಲಗೆ ಬಲಗೈಯನ್ನು ಎಳೆದುಕೊಂಡು ತೊಡೆಯ ಕೆಳಗೆ ಅಡಗಿಸಿದ.

ಅದನ್ನು ರೂಪಾಲಿ ಕಂಡಳು. ಕಂಡಳೆಂದು ಅವನಿಗೂ ತಿಳಿಯಿತು. ಅವಳು ಪೆನ್ನಿನ ಟೊಪ್ಪಿಗೆ ಹಾಕಿ, ಚಪ್ಪಲಿ ಮೆಟ್ಟಿ, ಕರೆವ್ವನ ರಟ್ಟೆ ಹಿಡಿದು ಎಬ್ಬಿಸಿ ಬಸ್ ನಿಲ್ದಾಣದ ತನಕ ಹೋದಳು. ಸಂಜೆ ಮರಳಿ ಬಂದು ಅವನ ಮುಂದೆ ತಾಟು ಇಟ್ಟಳು. ಏನು ಬೇಕೆಂದು ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ.