ಮೂರು ಬಲೂನುಗಳು

ವಿಶ್ವವಿದ್ಯಾಲಯದ ಸಂಗೀತ-ನಾಟಕ ವಿಭಾಗದಲ್ಲಿ ಧ್ವನಿವ್ಯವಸ್ಥೆ ನೋಡಿಕೊಳ್ಳುವವನು ನಾನು. ಕಾರ್ಯಕ್ರಮಕ್ಕೆ ಮೊದಲು ವೇದಿಕೆಯಲ್ಲಿ ಬಲೂನೊಂದನ್ನು ಒಡೆದು, ಸದ್ದು ಅಡಗಲು ಎಷ್ಟು ಹೊತ್ತಾಗುತ್ತದೆಂದು ಅಳೆಯುತ್ತೇನೆ. ಸಭಾಂಗಣ ಖಾಲಿಯಿದ್ದರೆ ಎರಡು ಸೆಕೆಂಡು. ತುಂಬಿದ್ದರೆ ಜನರ ಮೈ, ಬಟ್ಟೆ ಸದ್ದನ್ನು ಹೀರಿಕೊಂಡು ಒಂದೂಕಾಲಿಗೆ ಇಳಿಯುತ್ತದೆ.

ಅಂದು ಸಂಜೆ ಅಕ್ಕನ ಕೊನೆಯ ಗಾಯನ. ಮೂವತ್ತು ವರ್ಷ ಅಲ್ಲೇ ಹಾಡು ಕಲಿಸಿ ನಿವೃತ್ತಳಾಗುತ್ತಿದ್ದಳು. ಬಲೂನು ಒಡೆದೆ, ಎರಡು ಸೆಕೆಂಡು. ಆರೂವರೆಯಾದರೂ ಒಬ್ಬರೂ ಬರಲಿಲ್ಲ. ಆಹ್ವಾನ ಪತ್ರದಲ್ಲಿ ತಾರೀಖು ತಪ್ಪಾಗಿ ಬರೆದವನು ನಾನೇ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

"ಮನೆಗೆ ಹೋಗೋಣ್ವಾ ಅಕ್ಕಾ?"

"ಸುಮ್ನೆ ಕೂತ್ಕೊಳೋ. ಬಲೂನು ಒಡೆಯೋನಿಗೆ ಸಂಗೀತ ಏನು ಗೊತ್ತು?"

ಅವಳು ಕುರ್ಚಿಗಳನ್ನೇ ನೋಡುತ್ತ ಬಹಳ ಹೊತ್ತು ನಿಂತು, ಆಮೇಲೆ ಹಾಡಿದಳು. ಯಾಕೋ ಅವಳ ದನಿ ಗೋಡೆಗೆ ಬಡಿದು ಮರಳಲಿಲ್ಲ. ಸೆಕೆಯಾಗಿ ನಾನು ಸ್ವೆಟರ್ ಕಳಚಿದೆ.

ಮುಗಿದ ಮೇಲೆ ಕೇಳಿದೆ: "ಶುರು ಮಾಡೋಕೆ ಯಾಕೆ ಅಷ್ಟು ತಡ ಮಾಡಿದೆ?"

"ಎಲ್ರೂ ಕೂತ್ಕೊಳ್ಳಲಿ ಅಂತ."

ಅವಳು ತಂಬೂರಿಗೆ ಗವಸು ಹಾಕುತ್ತಿದ್ದಾಗಲೇ ಇನ್ನೊಂದು ಬಲೂನು ಒಡೆದೆ. ಒಂದೂಕಾಲು ಸೆಕೆಂಡು.

ಅಕ್ಕ ಬಾಗಿಲು ದಾಟಿ ಹೋದಳು. ನಾನೊಬ್ಬನೇ ನಿಂತು ಮೂರನೆಯದನ್ನು ಒಡೆದೆ. ಎರಡು ಸೆಕೆಂಡು.